ಆ ದಿನದ ಮಟ್ಟ

ಮಕ್ಕಳ ಬಗ್ಗೆ ಸಲಹೆ ಕೇಳಲು ನನ್ನೆದುರು ಬಂದು ಕೂರುವ ತಾಯಂದಿರು ಬೇರೆ ಬೇರೆ ಮಾತುಗಳಲ್ಲಿ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ. ‘ನಾನು ಜ್ವರದಲ್ಲಿ ಮಲಗಿದ್ದೆ, ಹತ್ತಿರ ಬಂದವನು ತಿಂಡಿ ಏನು ಎಂದು ಕೇಳಿದ.’ ‘ತಮ್ಮ ಬಿದ್ದು ಅಳುತ್ತಿದ್ದರೆ ಇವಳು ಕಿವಿ ಮುಚ್ಚಿಕೊಂಡು ಆಚೆ ಹೋದಳು.’ ಇಂಥ ಒಂದೆರಡು ಘಟನೆ ಹೇಳಿದ ಮೇಲೆ ದನಿ ತಗ್ಗುತ್ತದೆ. ‘ಇವನಿಗೆ ಕರುಳೆಂಬುದೇ ಇಲ್ಲವೇ ಮೇಡಂ?’ ಹೆತ್ತವರ ಬಾಯಲ್ಲಿ ಈ ಮಾತು ಬರಬೇಕಾದರೆ ಅವರು ಎಷ್ಟು ರಾತ್ರಿ ಅದನ್ನು ಒಳಗೇ ಇಟ್ಟುಕೊಂಡು ನರಳಿರಬೇಕು ಎಂದು ನನಗೆ ಗೊತ್ತು. ಆದ್ದರಿಂದಲೇ ಈ ಒಂದು ಪ್ರಕರಣವನ್ನು, ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಹುಡುಗನನ್ನು ಪ್ರಣವ ಎಂದು ಕರೆಯೋಣ. ವಯಸ್ಸು ಹನ್ನೊಂದು. ಶಿವಮೊಗ್ಗ ಜಿಲ್ಲೆಯ ಒಂದು ಊರು. ತಂದೆಗೆ ಸರ್ಕಾರಿ ನೌಕರಿ, ತಾಯಿ ಶಾಲಾ ಶಿಕ್ಷಕಿ. ಮಾತು ತಡವಾಗಿರಲಿಲ್ಲ, ಮೂರನೆಯ ವಯಸ್ಸಿಗೆ ಓದಲು ಕಲಿತಿದ್ದ. ಆಡುವ ಮಾತೆಲ್ಲ ಪುಸ್ತಕದ ಕನ್ನಡ. ಕುಕ್ಕರ್ ಕೂಗಿದರೆ ಹಿತ್ತಲಿಗೆ ಓಡುತ್ತಾನೆ. ‘ತಲೆ ತಿನ್ನಬೇಡ’ ಎಂದರೆ ‘ನಾನು ತಿನ್ನುತ್ತಿಲ್ಲ’ ಎಂದು ಗಂಭೀರವಾಗಿ ಉತ್ತರಿಸುತ್ತಾನೆ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124 ಅಡಿ ಎಂದು ಮೇಷ್ಟರು ಬೋರ್ಡಿನ ಮೇಲೆ ಬರೆದಾಗ ಎದ್ದು ನಿಂತು ‘124.80’ ಎಂದು ತಿದ್ದಿ ಅಧಿಕಪ್ರಸಂಗಿ ಎನಿಸಿಕೊಂಡಿದ್ದಾನೆ. ಮಳೆಗಾಲದಲ್ಲಿ ನಮ್ಮ ಪತ್ರಿಕೆಗಳಲ್ಲಿ ಬರುವ ಜಲಾಶಯಗಳ ಮಟ್ಟದ ಪಟ್ಟಿ ಅವನಿಗೆ ಪ್ರಾಣ. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು ಎಲ್ಲವನ್ನೂ ದಿನವೂ ಒಂದು ಉದ್ದ ನೋಟ್‌ಬುಕ್ಕಿಗೆ ಇಳಿಸುತ್ತಾನೆ.

ತಂದೆ ಮೊದಲ ದಿನವೇ ಒಂದು ವರದಿಯನ್ನು ಮೇಜಿನ ಮೇಲಿಟ್ಟರು. ಡಾಕ್ಟರು ಬಾಯಲ್ಲಿ ಆಸ್ಪರ್ಜರ್ ಎಂದಿದ್ದರು, ವರದಿಯಲ್ಲಿ ಆಟಿಸಂ (ಮೆದುಳಿನ ಬೆಳವಣಿಗೆಯ ಒಂದು ಭಿನ್ನತೆ) ಎಂದಿತ್ತು. ‘ಆಟಿಸಂ ಎಂದರೆ ಮಾತು ಬಾರದ ಮಕ್ಕಳಲ್ಲವೇ? ನಮ್ಮವನದು ಆಸ್ಪರ್ಜರ್ ಮಾತ್ರ’ ಎಂದು ಅವರು ವಾದಿಸಿದರು. ಈ ಗೊಂದಲ ಬಹಳ ಮನೆಗಳಲ್ಲಿದೆ. ವಿಯೆನ್ನಾದ ಮಕ್ಕಳ ವೈದ್ಯ ಹ್ಯಾನ್ಸ್ ಆಸ್ಪರ್ಜರ್ 1944ರಲ್ಲಿ ಇಂಥ ಮಕ್ಕಳ ಬಗ್ಗೆ ಬರೆದ. 1981ರಲ್ಲಿ ಬ್ರಿಟನ್ನಿನ ಮನೋವೈದ್ಯೆ ಲೋರ್ನಾ ವಿಂಗ್ ಅವನ ಹೆಸರಿನಿಂದಲೇ ಈ ಸ್ಥಿತಿಯನ್ನು ಗುರುತಿಸಿದರು. ಅಮೆರಿಕದ ಮನೋವೈದ್ಯರ ಕೈಪಿಡಿಗೆ 1994ರಲ್ಲಿ ಸೇರಿದ ಈ ಹೆಸರು 2013ರಲ್ಲಿ ಅಲ್ಲಿಂದ ಹೊರಬಿತ್ತು. ಆಟಿಸಂ ಎಂಬ ಒಂದೇ ಹರವಿನೊಳಗೆ ಎಲ್ಲವೂ ಸೇರಿತು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಪಟ್ಟಿಯೂ ಅದೇ ದಾರಿ ಹಿಡಿದಿದೆ. ನಾಜಿ ಆಡಳಿತದಲ್ಲಿ ಮಕ್ಕಳನ್ನು ಕೊಲ್ಲುತ್ತಿದ್ದ ಸಂಸ್ಥೆಗೆ ಆಸ್ಪರ್ಜರ್ ಕೆಲವು ಮಕ್ಕಳನ್ನು ಕಳುಹಿಸಿದ್ದನೆಂದು 2018ರಲ್ಲಿ ದಾಖಲೆಗಳ ಸಮೇತ ಹೊರಬಂದ ಮೇಲೆ ಆ ಹೆಸರನ್ನು ಆಡುವುದೇ ಅನೇಕರಿಗೆ ಕಷ್ಟವಾಗಿದೆ. ಆದರೂ ಜನರ ಬಾಯಲ್ಲಿ ಉಳಿದಿದೆ, ನಾನೂ ಬಳಸುತ್ತೇನೆ. ತಂದೆಗೆ ನಾನು ಹೇಳಿದ್ದಿಷ್ಟೇ: ಎರಡು ಹೆಸರು, ಮಗ ಒಬ್ಬನೇ.

ಅವರು ಬಂದದ್ದು ಇದಕ್ಕಾಗಿ ಆಗಿರಲಿಲ್ಲ. ಜೂನ್ ಮೊದಲ ವಾರ ಪ್ರಣವನ ಅಜ್ಜ ತೀರಿಕೊಂಡಿದ್ದರು. ರಾತ್ರಿ ಹೋದ ಜೀವ. ಬೆಳಗಾಗುವಷ್ಟರಲ್ಲಿ ಜಗಲಿಯ ಮೇಲೆ ಮಲಗಿಸಿದ್ದರು. ನೆಂಟರು ನೆರೆದಿದ್ದರು. ಪೇಪರ್ ಬಂದ ಕೂಡಲೇ ಪ್ರಣವ ಅದನ್ನು ಬಿಡಿಸಿ, ಅಳುತ್ತಿದ್ದವರ ನಡುವೆ ನುಸುಳಿ, ಅಜ್ಜನ ಕಿವಿಯ ಬಳಿ ಬಗ್ಗಿ ಲಿಂಗನಮಕ್ಕಿಯ ಮಟ್ಟವನ್ನು ಗಟ್ಟಿಯಾಗಿ ಓದಿದ. ಬಳಿಕ ಒಳಗೆ ಹೋಗಿ, ‘ಎಂಟು ಗಂಟೆಯಾಯಿತು, ತಿಂಡಿ ಎಲ್ಲಿ?’ ಎಂದು ಕೇಳಿದ. ದೊಡ್ಡಪ್ಪ ಅವನ ಕೆನ್ನೆಗೆ ಬಾರಿಸಿದರು. ಅಷ್ಟರಲ್ಲಿ ಶಂಖ, ಜಾಗಟೆ ಶುರುವಾಯಿತು. ಹುಡುಗ ಕೋಣೆಯ ಮೂಲೆ ಸೇರಿ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದ. ಅಂತ್ಯಕ್ರಿಯೆ ಮುಗಿಯುವವರೆಗೂ ಪಕ್ಕದ ಮನೆಯವರು ಅವನನ್ನು ಹಿಡಿದುಕೊಂಡಿದ್ದರು.

‘ಎತ್ತಿ ಆಡಿಸಿದ ಅಜ್ಜ ಸತ್ತರೆ ಒಂದು ಹನಿ ಕಣ್ಣೀರು ಹಾಕಲಿಲ್ಲ’ ಎಂದು ಹನ್ನೊಂದನೆಯ ದಿನದ ಊಟದಲ್ಲೂ ಅದೇ ಮಾತು. ದೊಡ್ಡಪ್ಪನ ಸಲಹೆಯಂತೆ ಮನೆಗೆ ಬರುತ್ತಿದ್ದ ಪೇಪರನ್ನು ನಿಲ್ಲಿಸಿದ್ದರು. ಹುಡುಗ ಅಂದಿನಿಂದ ಸರಿಯಾಗಿ ಉಣ್ಣುತ್ತಿರಲಿಲ್ಲ, ಶಾಲೆಗೆ ಹೋಗಲು ಒಪ್ಪುತ್ತಿರಲಿಲ್ಲ.

ಮೊದಲ ಎರಡು ಭೇಟಿಗಳಲ್ಲಿ ಪ್ರಣವನಿಂದ ನನಗೆ ಸಿಕ್ಕಿದ್ದು ‘ಗೊತ್ತಿಲ್ಲ’ ಎಂಬ ಒಂದೇ ಉತ್ತರ. ತಪ್ಪು ನನ್ನದು. ‘ಅಜ್ಜ ಇಲ್ಲ ಎಂದಾಗ ಹೇಗನಿಸುತ್ತದೆ?’ ಎಂದು ಕೇಳಿದ್ದೆ. ಹೇಗನಿಸುತ್ತದೆ ಎಂಬುದಕ್ಕೆ ಹೆಸರಿಡುವುದೇ ಕಷ್ಟವಾದ ಮಗುವಿಗೆ ಅದು ಪರೀಕ್ಷೆಯ ಪ್ರಶ್ನೆ. ಮೂರನೆಯ ಸಲ, ಜುಲೈ ಮಧ್ಯದಲ್ಲಿ, ತಂದೆತಾಯಿಯನ್ನೂ ಒಳಗೇ ಕೂರಿಸಿಕೊಂಡೆ. ನನ್ನ ಮೇಜಿನ ಮೇಲೆ ಆ ದಿನದ ಪೇಪರ್ ಇತ್ತು. ಅವನ ಕಣ್ಣು ಅದರ ಮೇಲೇ ಇತ್ತು.

‘ಇವತ್ತು ಲಿಂಗನಮಕ್ಕಿ ಎಷ್ಟಿದೆ, ನೋಡಿ ಹೇಳುತ್ತೀಯಾ?’ ಎಂದೆ.

ಪುಟ ತಿರುಗಿಸಿದ. ‘1,786.20 ಅಡಿ. ಗರಿಷ್ಠ 1,819. ಇನ್ನೂ 32.80 ಅಡಿ ಬೇಕು’ ಎಂದವನೇ ಚೀಲದಿಂದ ನೋಟ್‌ಬುಕ್ ತೆಗೆದ. ತಾಯಿಗೆ ಅದು ಚೀಲದಲ್ಲಿರುವುದೇ ಗೊತ್ತಿರಲಿಲ್ಲ. ಒಂದೊಂದು ದಿನಕ್ಕೆ ಒಂದೊಂದು ಸಾಲು. ಜೂನ್ ಮೊದಲ ವಾರದ ಬಳಿಕ ದಿನಾಂಕಗಳಿದ್ದವು, ಮುಂದೆ ಖಾಲಿ. ನಲವತ್ತೊಂದು ಖಾಲಿ ಸಾಲುಗಳು.

‘ಕೊನೆಗೆ ಬರೆದದ್ದು ಯಾವ ದಿನದ್ದು?’

‘ಅಜ್ಜ ಸತ್ತ ದಿನದ್ದು. 1,761.40.’

‘ಅದನ್ನು ಅಜ್ಜನಿಗೆ ಓದಿ ಹೇಳಿದೆಯಲ್ಲ?’

‘ದಿನವೂ ಹೇಳುತ್ತಿದ್ದೆ. ಅಜ್ಜ ಹುಟ್ಟಿದ ಮನೆ ನೀರಿನ ಕೆಳಗಿದೆ. 1,750ಕ್ಕಿಂತ ಕೆಳಗೆ ಹೋದರೆ ಜಗಲಿ ಕಟ್ಟೆ ಕಾಣುತ್ತದೆ ಎಂದು ಅಜ್ಜ ಹೇಳಿದ್ದಾರೆ. ಕಂಡರೆ ನನ್ನನ್ನು ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದಿದ್ದರು. ಆ ದಿನ ಇನ್ನೂ 11.40 ಅಡಿ ನೀರಿತ್ತು.’

ನನಗೆ ಈ ಕಥೆ ಗೊತ್ತಿರಲಿಲ್ಲ. ತಂದೆಯ ಮುಖ ನೋಡಿದೆ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ, 1960ರ ದಶಕದಲ್ಲಿ, ಊರೂರುಗಳೇ ಮುಳುಗಿದವು. ನಮ್ಮ ಕಡೆ ಅದನ್ನು ಅರಿಯದ ಮನೆಯಿಲ್ಲ. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಅದಕ್ಕೂ ಹಿಂದಿನ ಮಡೆನೂರು ಅಣೆಕಟ್ಟು ಮೇಲೆದ್ದು ಕಾಣುವುದನ್ನು ನೋಡಲು ಜನ ಹೋಗುತ್ತಾರೆ. ಹದಿನಾರರ ಹರೆಯದಲ್ಲಿ ಊರು ಬಿಟ್ಟ ಆ ಅಜ್ಜ ಅರವತ್ತು ವರ್ಷ ಪೇಪರಿನಲ್ಲಿ ನೀರಿನ ಮಟ್ಟ ನೋಡುತ್ತಲೇ ಇದ್ದರು. ಕಣ್ಣು ಮಂಜಾದ ಮೇಲೆ ಮೊಮ್ಮಗ ಓದಿ ಹೇಳುತ್ತಿದ್ದ. ಮನೆಯ ಉಳಿದವರಿಗೆ ಅದು ಅಜ್ಜ ಮೊಮ್ಮಗನ ಹೊತ್ತು ಕಳೆಯುವ ಆಟವಾಗಿತ್ತು.

ಕೇಳಲೋ ಬೇಡವೋ ಎಂದು ಹಿಂಜರಿಯುತ್ತಲೇ ಕೇಳಿದೆ. ‘ಆ ದಿನ ಅಜ್ಜನಿಗೆ ಕೇಳಿಸುತ್ತದೆ ಎಂದುಕೊಂಡೆಯಾ?’

‘ಇಲ್ಲ. ಸತ್ತವರಿಗೆ ಕೇಳಿಸುವುದಿಲ್ಲ. ಆದರೆ ಆ ದಿನದ ಮಟ್ಟವನ್ನು ಆ ದಿನವೇ ಹೇಳಬೇಕು.’

ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ಅವನು ಆ ದಿನದ ಸಂಖ್ಯೆಗಳನ್ನು ನೋಟ್‌ಬುಕ್ಕಿಗೆ ಇಳಿಸುತ್ತ ಕುಳಿತಿದ್ದ. ಮೊದಲ ದಿನ ಹೆಸರಿನ ಬಗ್ಗೆ ವಾದಿಸಿದ ಮೇಲೆ ಹೆಚ್ಚು ಮಾತನಾಡದಿದ್ದ ತಂದೆ ಆಗ ಹೇಳಿದರು: ‘ನಾವೆಲ್ಲ ಸಾಲಾಗಿ ನಿಂತು ಅಪ್ಪನ ಬಾಯಿಗೆ ತುಳಸಿ ನೀರು ಬಿಟ್ಟೆವು. ಅಪ್ಪ ಕುಡಿಯುವುದಿಲ್ಲ ಎಂದು ನಮಗೂ ಗೊತ್ತಿತ್ತು.’

ಆ ಮಾತಿನ ಮುಂದೆ ನನ್ನ ಇಷ್ಟು ವರ್ಷಗಳ ವಿವರಣೆಗಳೆಲ್ಲ ಸಣ್ಣವು ಎನಿಸಿತು. ಆಟಿಸಂ ಇರುವವರಿಗೆ ಇತರರ ಮನಸ್ಸು ಅರ್ಥವಾಗುವುದಿಲ್ಲ ಎಂದು ನಾವು ಓದಿ ಬಂದಿದ್ದೇವೆ. ಅರ್ಥವಾಗದಿರುವುದು ಎರಡೂ ಕಡೆಗೆ ಎಂದು 2012ರಲ್ಲಿ ಬರೆದವರು ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್. ಅವರೂ ಆಟಿಸಂ ಇರುವವರೇ. ಪ್ರಣವನಿಗೆ ನೆಂಟರ ಅಳು ಅರ್ಥವಾಗಲಿಲ್ಲ, ಒಪ್ಪುತ್ತೇನೆ. ನೆಂಟರಿಗೆ ಅವನ 1,761.40 ಅರ್ಥವಾಯಿತೇ? ಹಾಗಿದ್ದೂ ಪೆಟ್ಟು ತಿಂದವನು ಅವನೊಬ್ಬನೇ.

ನಾನು ಕೊಟ್ಟ ಮೊದಲ ಸಲಹೆ: ನಾಳೆಯಿಂದಲೇ ಪೇಪರ್ ತರಿಸಿ. ಇಂಥ ಮಕ್ಕಳ ಆಸಕ್ತಿಯನ್ನು ಹುಚ್ಚು ಎಂದು ಕರೆದು, ಶಿಕ್ಷೆಯೆಂದು ಮೊದಲು ಅದನ್ನೇ ಕಿತ್ತುಕೊಳ್ಳುವುದು ನಮ್ಮ ಮನೆಗಳ ರೂಢಿ. ದಿನವೆಲ್ಲ ಅರ್ಥವಾಗದ ಮಾತು, ಸಹಿಸಲಾಗದ ಸದ್ದು, ಹೇಳದೆ ಕೇಳದೆ ಬದಲಾಗುವ ಕಾರ್ಯಕ್ರಮಗಳ ನಡುವೆ ಬದುಕುವ ಮಗುವಿಗೆ ಕಾಲೂರಲು ಇರುವ ನೆಲ ಅದೊಂದೇ. ಅಜ್ಜನನ್ನು ಕಳೆದುಕೊಂಡ ವಾರವೇ ಅದನ್ನೂ ಕಿತ್ತುಕೊಂಡಿದ್ದರು. ತಂದೆ ನಾನು ಹೇಳಿದ್ದಕ್ಕಿಂತ ಮುಂದೆ ಹೋದರು. ಮುಂದಿನ ಭಾನುವಾರ ಮಗನನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ, ಹಳೆಯ ಪೇಪರುಗಳ ಕಟ್ಟು ಬಿಚ್ಚಿಸಿ, ನಲವತ್ತೊಂದು ಸಾಲುಗಳನ್ನೂ ಜೊತೆಯಲ್ಲಿ ಕುಳಿತು ತುಂಬಿಸಿದರು.

ಗೋಡೆಗೆ ತಲೆ ಚಚ್ಚಿಕೊಂಡದ್ದನ್ನು ಮನೆಯವರು ಹಠ ಎಂದಿದ್ದರು. ಹಠ ಮಾಡುವ ಮಗು ನಡುನಡುವೆ ನಿಮ್ಮ ಮುಖ ನೋಡುತ್ತದೆ, ಕೇಳಿದ್ದು ಸಿಕ್ಕರೆ ನಿಲ್ಲಿಸುತ್ತದೆ. ಪ್ರಣವನಿಗೆ ಆದದ್ದು ಕಟ್ಟೆಯೊಡೆದಂತೆ. ಆಗ ಬುದ್ಧಿ ಹೇಳುವುದು, ಹೆದರಿಸುವುದು ಎಲ್ಲವೂ ಒಳಹರಿವನ್ನು ಹೆಚ್ಚಿಸುತ್ತವೆ. ಸದ್ದು ಕಡಿಮೆ ಇರುವ ಕಡೆಗೆ ಕರೆದೊಯ್ಯಿರಿ, ತಲೆಗೆ ಪೆಟ್ಟಾಗದಂತೆ ದಿಂಬು ಒಡ್ಡಿ, ಹತ್ತಿರವಿದ್ದು ಸುಮ್ಮನಿರಿ. ಹೊಡೆಯುವುದಂತೂ ಯಾರೂ, ಎಂದೂ ಕೂಡದು. ಇದನ್ನು ದೊಡ್ಡಪ್ಪನಿಗೂ ಹೇಳಬೇಕು, ಹೇಳಬೇಕಾದವರು ತಂದೆಯೇ ಎಂದೆ.

ಕಣ್ಣಿಗೆ ಕಣ್ಣು ಕೊಟ್ಟು ಮಾತನಾಡುವುದನ್ನು ಕಲಿಸಿ ಎಂದು ತಾಯಿ ಕೇಳಿದರು. ನಾನು ಒಪ್ಪಲಿಲ್ಲ. ಬಹಳ ಹಿಂದೆ ಒಬ್ಬ ಹುಡುಗಿಗೆ ನಾನೇ ಅದನ್ನು ತಿಂಗಳುಗಟ್ಟಲೆ ಕಲಿಸಿದ್ದೆ. ಹೈಸ್ಕೂಲಿಗೆ ಬಂದ ಮೇಲೆ ಆಕೆ ಹೇಳಿದಳು: ‘ನಿಮ್ಮ ಕಣ್ಣು ನೋಡುತ್ತಿದ್ದಾಗ ನಿಮ್ಮ ಮಾತು ಒಂದೂ ತಲೆಗೆ ಹೋಗುತ್ತಿರಲಿಲ್ಲ ಮೇಡಂ.’ ಆ ತಿಂಗಳುಗಳನ್ನು ಆಕೆಗೆ ಮರಳಿಸಲು ನನ್ನಿಂದಾಗದು. ಅಂದಿನಿಂದ ಯಾವ ಮಗುವಿಗೂ ಅದನ್ನು ಕಲಿಸಿಲ್ಲ.

ತಾಯಿಗೆ ಬೇರೆಯೇ ಒಂದು ನೋವಿತ್ತು. ಕೆಲಸಕ್ಕೆ ಹೋಗುವ ತಾಯಿಯ ಮಕ್ಕಳು ಹೀಗೇ ಎಂದು ಅವರಿಗೆ ಬಹಳ ಜನ ಹೇಳಿದ್ದರು. ತಾಯಿಯ ತಣ್ಣನೆಯ ಮನಸ್ಸಿನಿಂದ ಆಟಿಸಂ ಬರುತ್ತದೆ ಎಂದು ಒಂದು ಕಾಲದಲ್ಲಿ ವೈದ್ಯರೇ ಹೇಳುತ್ತಿದ್ದರು, ಅದು ಸುಳ್ಳೆಂದು ಎಂದೋ ಸಿದ್ಧವಾಗಿದೆ. ಹುಟ್ಟಿನಿಂದ ಬರುವ, ವಂಶವಾಹಿಗಳ ಪಾತ್ರ ದೊಡ್ಡದಾಗಿರುವ ಮೆದುಳಿನ ಬೆಳವಣಿಗೆಯ ಭಿನ್ನತೆ ಇದು. ಆಕೆಯ ನೌಕರಿಗೂ ಇದಕ್ಕೂ ಸಂಬಂಧವಿಲ್ಲ. ಇದನ್ನು ಮೂರು ಸಲ ಹೇಳಿದೆ. ಬೇಕಾದರೆ ಇನ್ನೂ ಮೂವತ್ತು ಸಲ ಹೇಳುತ್ತೇನೆ.

ದೊಡ್ಡಪ್ಪ ಫೋನ್ ಮಾಡಿದರು. ‘ಹುಡುಗನ ಪರ ಮಾತನಾಡಿ ಹಾಳು ಮಾಡುತ್ತಿದ್ದೀರಿ. ನಾಳೆ ಪ್ರಪಂಚ ಇವನನ್ನು ಹೀಗೇ ಒಪ್ಪಿಕೊಳ್ಳುತ್ತದೆಯೇ?’ ಎಂದರು. ಅವರ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ನಡವಳಿಕೆ ಕಲಿಸಬಾರದು ಎಂದು ನಾನು ಎಂದೂ ಹೇಳಿಲ್ಲ. ಕಾರಣ ಹೇಳಿ ಕಲಿಸಿ ಎನ್ನುತ್ತೇನೆ. ಮನೆಯಿಂದ ಹೊರಡುವಾಗ ಪ್ರಣವ ‘ಹೋಗುತ್ತೇನೆ’ ಎನ್ನುತ್ತಿದ್ದ, ಅಜ್ಜಿ ಪ್ರತಿ ಸಲ ಗದರುತ್ತಿದ್ದರು. ‘ಹಾಗೆಂದರೆ ಮರಳಿ ಬರುವುದಿಲ್ಲ ಎಂದು ಕೇಳುವವರಿಗೆ ಭಯವಾಗುತ್ತದೆ, ಅದಕ್ಕೇ ಹೋಗಿ ಬರುತ್ತೇನೆ ಎನ್ನುತ್ತಾರೆ’ ಎಂದು ನಾನು ವಿವರಿಸಿದೆ. ‘ಇದನ್ನು ಮೊದಲೇ ಹೇಳಬಹುದಿತ್ತು’ ಎಂದ. ಆಮೇಲೆ ತಪ್ಪಿಲ್ಲ. ಸಾವಿನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ತಿಂಡಿ ಕೇಳಬಾರದು ಎಂಬುದನ್ನೂ ಹೀಗೆ ಕಲಿಸಬಹುದು, ಹಸಿವಾದರೆ ಯಾರ ಬಳಿ ಹೋಗಬೇಕು ಎಂಬುದನ್ನೂ ಸೇರಿಸಿದರೆ.

ಶಾಲೆಯ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಅನುಕೂಲ ಕೇಳಲು ದಾರಿಯಿದೆ. ತಂದೆ ‘ಆ ಚೀಟಿ ಬೇಡ’ ಎಂದಿದ್ದರು. ನಾನು ಒತ್ತಾಯಿಸಲಿಲ್ಲ, ಎಸ್ಸೆಸ್ಸೆಲ್ಸಿ ಹತ್ತಿರ ಬರುವವರೆಗೆ ಕಾಯದಿರಿ ಎಂದಷ್ಟೇ ಹೇಳಿದೆ. ಮಗನಿಗೆ ಅವನ ಸ್ಥಿತಿಯ ಹೆಸರನ್ನು ತಿಳಿಸಬೇಕೆಂದು ಮಾತ್ರ ಹಠ ಹಿಡಿದೆ. ಹೆಸರು ತಿಳಿಯದ ಮಗು ತನಗೆ ತಾನೇ ‘ಕೆಟ್ಟವನು’ ಎಂದು ಹೆಸರಿಟ್ಟುಕೊಳ್ಳುತ್ತದೆ.

ಈಗ ವರ್ಷದ ತಿಥಿ ಬರುತ್ತಿದೆ. ಮತ್ತೆ ಅದೇ ಜಗಲಿ, ಅದೇ ನೆಂಟರು. ದೊಡ್ಡಪ್ಪ ಬರುತ್ತಾರೆ, ಅವರು ಇನ್ನೂ ಹುಡುಗನೊಂದಿಗೆ ಮಾತನಾಡುತ್ತಿಲ್ಲ. ಆ ದಿನ ಏನೇನು ಯಾವ ಕ್ರಮದಲ್ಲಿ ನಡೆಯುತ್ತದೆ, ಎಷ್ಟು ಜನ ಬರುತ್ತಾರೆ, ಸದ್ದು ಹೆಚ್ಚಾದರೆ ಯಾವ ಕೋಣೆಗೆ ಹೋಗಬಹುದು ಎಂಬುದನ್ನು ಮುಂಚೆಯೇ ಬರೆದು ಕೊಡಿ ಎಂದಿದ್ದೆ. ಕಳೆದ ವಾರ ತಂದೆ ಆ ಹಾಳೆಯನ್ನು ತಂದಿದ್ದರು. ಮೊದಲ ಸಾಲಿನಲ್ಲಿ ‘ಬೆಳಿಗ್ಗೆ ಬೇಗ ಏಳುವುದು’ ಎಂದಿತ್ತು. ನಾಲ್ಕನೆಯ ಸಾಲಿನಲ್ಲಿ, ಪುರೋಹಿತರು ಬರುವ ಮೊದಲು, ‘ಅಜ್ಜನ ಫೋಟೋ ಮುಂದೆ ಮಟ್ಟ ಓದುವುದು’ ಎಂದಿತ್ತು.

ಪ್ರಣವ ಹಾಳೆಯನ್ನು ಪೂರ್ತಿ ಓದಿ ಮೊದಲ ಸಾಲಿನ ಮೇಲೆ ಬೆರಳಿಟ್ಟ. ‘ಬೇಗ ಎಂದರೆ ಎಷ್ಟು ಗಂಟೆ?’

ತಂದೆ ಪೆನ್ನು ತೆಗೆದು ‘ಬೇಗ’ ಎಂಬುದನ್ನು ಹೊಡೆದು ಹಾಕಿ, 5.45 ಎಂದು ಬರೆದರು.