ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಸವೆದರೆ ಶಸ್ತ್ರಚಿಕಿತ್ಸೆ ಯಾವಾಗ?

ಪ್ರಶ್ನೆ: ನನಗೆ 54 ವರ್ಷ. ಶಿರಸಿ ಸಮೀಪ ಅಡಿಕೆ ತೋಟವಿದೆ, ಮಧುಮೇಹವೂ ಇದೆ. ಹಿಮ್ಮಡಿಯಿಂದ ನಾಲ್ಕು ಬೆರಳು ಮೇಲೆ ಗಂಟಿನಂಥ ಊತ ಬಂದು ಒಂದು ವರ್ಷವಾಯಿತು. ಬೆಳಿಗ್ಗೆ ಕಾಲೂರುವುದೇ ಕಷ್ಟ. ವ್ಯಾಯಾಮವನ್ನು ಹದಿನೈದು ದಿನ ಮಾಡಿ ಬಿಟ್ಟೆ. ಎಂಆರ್‌ಐ ನೋಡಿದವರು ಶಸ್ತ್ರಚಿಕಿತ್ಸೆ ಸೂಚಿಸಿದ್ದಾರೆ. ಸ್ಟೀರಾಯ್ಡ್ ಇಂಜೆಕ್ಷನ್ ಸಾಲದೇ?

ಉತ್ತರ: ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಬಿಗಿಯುವ ಗಟ್ಟಿ ಹುರಿಯೇ ಅಕಿಲಿಸ್ ಸ್ನಾಯುರಜ್ಜು. ಅದರೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ದಯವಿಟ್ಟು ಹಾಕಿಸಿಕೊಳ್ಳಬೇಡಿ. ನೋವು ಕೆಲವು ವಾರ ತಗ್ಗೀತು, ಆದರೆ ಮೊದಲೇ ಬಲಗುಂದಿದ ರಜ್ಜು ಹರಿದುಹೋಗುವ ಅಪಾಯವಿದೆ. ಸಿಪ್ರೊಫ್ಲಾಕ್ಸಾಸಿನ್ ವರ್ಗದ ಆ್ಯಂಟಿಬಯಾಟಿಕ್‌ಗಳಿಂದಲೂ ಇದೇ ಅಪಾಯವಿರುವುದರಿಂದ, ಜ್ವರಕ್ಕೆಂದು ಹೋದಾಗಲೂ ವೈದ್ಯರಿಗೆ ಈ ತೊಂದರೆಯನ್ನು ತಿಳಿಸಿ.

ನೀವು ಹೇಳಿದ ಜಾಗ, ಅಂದರೆ ಹಿಮ್ಮಡಿ ಮೂಳೆಯಿಂದ 2ರಿಂದ 6 ಸೆಂಟಿಮೀಟರ್ ಮೇಲಿನ ಭಾಗ, ರಕ್ತಸಂಚಾರ ಕಡಿಮೆಯಿರುವಂಥದ್ದು. ಅಲ್ಲಿ ಆಗಿರುವುದು ಬರಿಯ ಉರಿಯೂತವಲ್ಲ. ನಾರುಗಳು ಹುರಿ ಬಿಚ್ಚಿದ ಹಗ್ಗದಂತೆ ಕ್ರಮ ತಪ್ಪಿವೆ. ಅವುಗಳಿಗೆ ಬಲ ಬರಬೇಕಾದರೆ ನಿಯಮಿತವಾಗಿ ಭಾರ ಬೀಳಬೇಕು. ಹದಿನೈದು ದಿನ ಅದಕ್ಕೆ ಏನೇನೂ ಸಾಲದು. ಮೆಟ್ಟಿಲ ಅಂಚಿನಲ್ಲಿ ಮುಂಗಾಲೂರಿ ಹಿಮ್ಮಡಿಯನ್ನು ನಿಧಾನವಾಗಿ ಇಳಿಸುವ ವ್ಯಾಯಾಮವನ್ನು ಮಂಡಿ ನೇರವಾಗಿಟ್ಟು 15ರಂತೆ ಮೂರು ಸುತ್ತು, ಮಂಡಿ ಮಡಚಿ ಮತ್ತೆ ಮೂರು ಸುತ್ತು, ದಿನಕ್ಕೆರಡು ಬಾರಿ 12 ವಾರ ಮಾಡುವುದು ಪ್ರಚಲಿತ ಕ್ರಮ. ಫಿಸಿಯೋಥೆರಪಿಸ್ಟರ ಎದುರಲ್ಲಿ ಆರಂಭಿಸಿ. ಅಷ್ಟು ದಿನ ಸೊಪ್ಪಿನ ಬೆಟ್ಟ ಹತ್ತುವುದು ಬೇಡ, ಏರುವಾಗ ಈ ರಜ್ಜು ಅತಿಯಾಗಿ ಎಳೆಯಲ್ಪಡುತ್ತದೆ. ಇದನ್ನು ಮುಗಿಸದೆ ಶಸ್ತ್ರಚಿಕಿತ್ಸೆಗೆ ಒಪ್ಪುವುದು ಅವಸರವೆಂಬುದೇ ನನ್ನ ಅಭಿಪ್ರಾಯ.

ಇಷ್ಟಾಗಿಯೂ ಆರು ತಿಂಗಳಲ್ಲಿ ಗುಣ ಕಾಣದಿದ್ದರೆ ಶಸ್ತ್ರಚಿಕಿತ್ಸೆ ನ್ಯಾಯವೇ. ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಹೊಲಿಯುತ್ತಾರೆ. ರಜ್ಜುವಿನ ಅರ್ಧಕ್ಕಿಂತ ಹೆಚ್ಚು ತೆಗೆಯಬೇಕಾಗಿ ಬಂದರೆ, ಕಾಲ್ಹೆಬ್ಬೆರಳನ್ನು ಮಡಚುವ ರಜ್ಜುವನ್ನು ತಂದು ಹಿಮ್ಮಡಿ ಮೂಳೆಗೆ ಜೋಡಿಸುವುದುಂಟು. ಇದರಿಂದ ನಡಿಗೆಗೆ ಅಷ್ಟಾಗಿ ತೊಂದರೆಯಿಲ್ಲವಾದರೂ ಹೆಬ್ಬೆರಳಿನ ಹಿಡಿತ ಕುಗ್ಗುತ್ತದೆ. ಜಾರುವ ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಈ ಮಾತು ಮುಂಚೆಯೇ ತಿಳಿದಿರಬೇಕು.

ನಿಮ್ಮ ವಿಷಯದಲ್ಲಿ ನನಗೆ ಹೆಚ್ಚಿನ ಚಿಂತೆ ಗಾಯದ್ದು. ಅಲ್ಲಿನ ಚರ್ಮ ತೆಳು, ಮಧುಮೇಹದಲ್ಲಿ ಅದು ಮಾಯುವುದೂ ನಿಧಾನ. ಮೂರು ತಿಂಗಳ ಸರಾಸರಿ ಸಕ್ಕರೆ ಹತೋಟಿಗೆ ಬಂದ ಮೇಲಷ್ಟೇ ದಿನ ಗೊತ್ತುಮಾಡಿ. ಕವಳಕ್ಕೆ ತಂಬಾಕು ಹಾಕುವ ರೂಢಿಯಿದ್ದರೆ ಕೆಲವು ವಾರ ಮೊದಲೇ ಬಿಡಬೇಕು, ನಿಕೋಟಿನ್ ಕೂಡ ಗಾಯ ಮಾಯಲು ಬಿಡುವುದಿಲ್ಲ.

ಶಸ್ತ್ರಚಿಕಿತ್ಸೆಯ ಬಳಿಕ ಸಾಮಾನ್ಯವಾಗಿ ಎರಡು ವಾರ ಕಾಲೂರುವಂತಿಲ್ಲ, ಆಮೇಲೆ ಆರೆಂಟು ವಾರದವರೆಗೆ ರಕ್ಷಕ ಬೂಟು. ತೋಟದ ಭಾರದ ಕೆಲಸಕ್ಕೆ ಆರು ತಿಂಗಳಾದರೂ ಬೇಕು. ಆದ್ದರಿಂದ ಅಡಿಕೆ ಕೊಯ್ಲು ಮುಗಿಸಿಯೇ ಮಾಡಿಸಿಕೊಳ್ಳಿ, ಆ ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ಉಸ್ತುವಾರಿಯನ್ನು ಮನೆಯ ಬೇರೆಯವರಿಗೆ ಈಗಲೇ ಒಪ್ಪಿಸಿಡಿ.