ಹೋಟೆಲಿನ ಒಳಾಂಗಣಕ್ಕೆ ಯಾವ ಕಲ್ಲು?

ಪ್ರಶ್ನೆ: ಹೆಂಚು ಹೊದಿಸಿದ ನಮ್ಮ ಹಳೆಯ ಮನೆಯನ್ನು ಹೋಟೆಲಾಗಿ ಮಾರ್ಪಡಿಸುತ್ತಿದ್ದೇವೆ. ಒಂದು ಗೋಡೆ ಜಂಬಿಟ್ಟಿಗೆಯದು (ಕೆಂಪು ಮುರಕಲ್ಲಿನದು), ಉಳಿದವು ಮಣ್ಣಿನವು. ಗಲ್ಲಾಕಟ್ಟೆಗೂ ಮೇಜುಗಳಿಗೂ ಬಿಳಿ ಅಮೃತಶಿಲೆ, ನೆಲಕ್ಕೆ ಹೊಳಪಿನ ಕರಿ ಗ್ರಾನೈಟ್, ಗೋಡೆಗಳಿಗೆ ಕಲ್ಲಿನ ಹೊದಿಕೆ ಹಾಕಿಸಿ ಎಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ತಮ್ಮ ಸಲಹೆಯೇನು?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮೇಜಿನಿಂದಲೇ ಆರಂಭಿಸೋಣ. ಅಮೃತಶಿಲೆಯ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್ ಆದ್ದರಿಂದ ನಿಂಬೆರಸ, ಹುಣಸೆಹುಳಿ, ಅಪ್ಪೆಮಿಡಿಯ ರಸ ಬಿದ್ದು ಸ್ವಲ್ಪ ಹೊತ್ತು ನಿಂತರೆ ಕಲ್ಲಿನ ಮೈಯೇ ಕರಗಿ, ಬಿದ್ದಷ್ಟು ಜಾಗ ಮಂಕಾಗುತ್ತದೆ. ಮೇಲೆ ಕೂತ ಕಲೆಯಾದರೆ ಒರೆಸಬಹುದಿತ್ತು. ಇದಕ್ಕೆ ಮತ್ತೆ ಪಾಲಿಶ್ ಹಿಡಿಸುವುದೊಂದೇ ದಾರಿ. ಸೀಲರ್ ಬಳಿದರೆ ಕಾಫಿ, ಎಣ್ಣೆ ಒಳಗಿಳಿಯುವುದು ತಗ್ಗುತ್ತದೆಯೇ ಹೊರತು ಹುಳಿಯ ಕಾಟ ತಪ್ಪುವುದಿಲ್ಲ. ಕಡಪ, ಶಹಾಬಾದ್, ಕೋಟಾ ಕಲ್ಲುಗಳೂ ಸುಣ್ಣಕಲ್ಲಿನ ಜಾತಿಯವೇ. ಊಟ ಬಡಿಸುವ ಜಾಗಕ್ಕೆ ಗ್ರಾನೈಟ್ ಇರಲಿ.

ಆದರೆ ಅಂಗಡಿಯ ದೀಪದಡಿ ಕಡುಕಪ್ಪಾಗಿ ಕಂಡದ್ದನ್ನೆಲ್ಲ ನಂಬಬೇಡಿ, ಬಣ್ಣ ಹಿಡಿಸಿ ಮಾರುವುದೂ ಉಂಟು. ತುಂಡೊಂದನ್ನು ಮನೆಗೆ ತಂದು, ನೇಲ್ ಪಾಲಿಶ್ ತೆಗೆಯುವ ಅಸಿಟೋನಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ತಿಕ್ಕಿ ನೋಡಿ. ಬಟ್ಟೆ ಕಪ್ಪಾದರೆ ಆ ಕಲ್ಲು ಬೇಡ. ಇನ್ನೊಂದು ಮೂಲೆಯಲ್ಲಿ ನಿಂಬೆರಸದ ಹನಿಯನ್ನೂ ಪಕ್ಕದಲ್ಲಿ ನೀರಿನ ಹನಿಯನ್ನೂ ಕಾಲು ಗಂಟೆ ಬಿಟ್ಟು ಒರೆಸಿ. ನಿಂಬೆ ಬಿದ್ದಲ್ಲಿ ಹೊಳಪು ಹೋಗಿದ್ದರೆ ಅದು ಮೇಜಿಗಾಗದು. ನೀರು ಬಿದ್ದಲ್ಲಿ ಬಣ್ಣ ಗಾಢವಾಗಿದ್ದರೆ ಸೀಲರ್ ಬೇಕೇ ಬೇಕು.

ನೆಲದ ವಿಚಾರದಲ್ಲಿ ನಮ್ಮ ಮಳೆಯನ್ನು ಮರೆಯುವಂತಿಲ್ಲ. ಆಷಾಢದಲ್ಲಿ ಗಿರಾಕಿಗಳು ಕೊಡೆಯ ನೀರು ತೊಟ್ಟಿಕ್ಕಿಸುತ್ತಲೇ ಒಳಗೆ ಬರುತ್ತಾರೆ. ಸಾಲದ್ದಕ್ಕೆ ತೇವದ ಗಾಳಿಗೆ ತಣ್ಣನೆಯ ನೆಲವೂ ಬೆವರುತ್ತದೆ. ಬಿಸಿ ಸಾಂಬಾರಿನ ಬಕೆಟ್ ಹಿಡಿದ ಮಾಣಿ ಹೊಳಪಿನ ಕಲ್ಲಿನ ಮೇಲೆ ಜಾರಿದರೆ ಏನಾದೀತೆಂದು ಊಹಿಸಿಕೊಳ್ಳಿ. ಬಾಗಿಲ ಬಳಿ, ಕೈತೊಳೆಯುವಲ್ಲಿ, ಅಡುಗೆಮನೆಯ ದಾರಿಯಲ್ಲಿ ಬೆಂಕಿಯ ಜ್ವಾಲೆಯಿಂದ ಒರಟಾಗಿಸಿದ 'ಫ್ಲೇಮ್ಡ್' ಗ್ರಾನೈಟ್ ಹಾಕಿಸಿ. ಒರಟು ಕಲ್ಲನ್ನು ಗುಡಿಸಿ ಒರೆಸುವುದು ತುಸು ಕಷ್ಟ, ನಿಜ. ಊಟದ ಸಾಲಿನಲ್ಲಿ ಹೊಳಪಿಲ್ಲದ, ನುಣುಪಾದ ಕಲ್ಲು ಸಾಕು.

ಮಣ್ಣಿನ ಗೋಡೆಗೆ ಕಲ್ಲಿನ ಹೊದಿಕೆ ಖಂಡಿತ ಬೇಡ. 20 ಮಿಲಿಮೀಟರ್ ದಪ್ಪದ ಗ್ರಾನೈಟ್ ಚದರ ಮೀಟರಿಗೆ ಸುಮಾರು 54 ಕಿಲೋ ತೂಗುತ್ತದೆ. ಅಂಟಾಗಲಿ ಕ್ಲ್ಯಾಂಪ್ ಆಗಲಿ ಮಣ್ಣಿನಲ್ಲಿ ಭದ್ರವಾಗಿ ನಿಲ್ಲದು, ಗೋಡೆಯ ತೇವಕ್ಕೂ ಹೊರಗೆ ಹೋಗಲು ದಾರಿಯಿರುವುದಿಲ್ಲ. ಜಂಬಿಟ್ಟಿಗೆಯ ಗೋಡೆಯಂತೂ ನಿಮ್ಮಲ್ಲಿರುವ ಅತ್ಯಂತ ಚೆಲುವಾದ ಕಲ್ಲು. ಗಾರೆ ಮೆತ್ತಿದ್ದರೆ ಬಿಡಿಸಿ, ಬ್ರಷ್ಷಿನಿಂದ ಉಜ್ಜಿ, ಆವಿಯನ್ನು ಹೊರಬಿಡುವಂಥ ಸೀಲರ್ ಬಳಿಸಿ. ವಾರ್ನಿಷ್ ಬಳಿದರೆ ಮುಂದಿನ ಮಳೆಗಾಲಕ್ಕೇ ಪೊರೆಯೇಳುತ್ತದೆ. ಒಲೆಯ ಹಿಂದಿನ ಭಾಗ ಮಾತ್ರ ಹಾಗೆ ತೆರೆದಿರುವುದು ಬೇಡ, ರಂಧ್ರಗಳಿಗಿಳಿದ ಎಣ್ಣೆಯ ಜಿಡ್ಡು ಹೊರಬರುವುದಿಲ್ಲ.

ನೆಲದ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿಕೊಳ್ಳಿ. ಅಡಿಯ ಸಿಮೆಂಟಿನ ತೇವ ಪೂರ್ತಿ ಆರದೆ ಸೀಲರ್ ಬಳಿದರೆ ಆ ತೇವ ಒಳಗೇ ಉಳಿದು ಕಲ್ಲಿನ ಮೇಲೆ ಕಪ್ಪು ಮಚ್ಚೆಗಳೇಳುತ್ತವೆ. ಹೋಟೆಲು ನಡೆಯತೊಡಗಿದ ಮೇಲೆ ಆಸಿಡ್ ಬೇಡ, ಸೌಮ್ಯವಾದ ಸಾಬೂನು ನೀರಿನಿಂದ ಒರೆಸಿದರಾಯಿತು.