ಡಿಜಿಲಾಕರ್ ಇದ್ದರೆ ಡಿಎಲ್ ಮನೆಯಲ್ಲೇ ಇಡಬಹುದಾ?

ನಿಮ್ಮಪ್ಪ ದಿನಾ ಮಂಡ್ಯದಿಂದ ಮೈಸೂರಿಗೆ ಬೈಕಲ್ಲಿ ಹೋಗುತ್ತಾರೆ, ಡಿಎಲ್, ಆರ್‌ಸಿ ಮನೆಯಲ್ಲಿಟ್ಟು ಮೊಬೈಲಲ್ಲಿ ಡಿಜಿಲಾಕರ್ (ದಾಖಲೆ ಇಟ್ಟುಕೊಳ್ಳುವ ಸರ್ಕಾರಿ ಆ್ಯಪ್) ತೋರಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಕು ಸಾರ್. 2018ರಿಂದ ಅದನ್ನು ಮೂಲ ದಾಖಲೆಯಂತೆಯೇ ಒಪ್ಪಬೇಕು ಅಂತ ನಿಯಮವೇ ಇದೆ. ಆದರೆ ಆ್ಯಪ್‌ನಲ್ಲಿ ‘ಇಶ್ಯೂಡ್’ ಅಂತ, ಅಂದ್ರೆ ಇಲಾಖೆಯಿಂದಲೇ ನೇರವಾಗಿ ಬಂದಿರುವುದಕ್ಕೆ ಮಾತ್ರ, ಸುಮ್ನೆ ಫೋಟೋ ತೆಗೆದು ನಾವೇ ಅಪ್‌ಲೋಡ್ ಮಾಡಿದ್ದಕ್ಕೆ ಆ ಬೆಲೆ ಇಲ್ಲ.

ನಮ್ಮಪ್ಪನ ಡಿಜಿಲಾಕರ್ ಮಾಡುವಾಗ ಸಾಕುಬೇಕಾಯಿತು. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಡಿಎಲ್‌ನಲ್ಲಿ ಮುಂದೆ, ಓಟಿಪಿ ಹೋಗುತ್ತಿದ್ದದ್ದು ಆಧಾರ್‌ಗೆ ಕೊಟ್ಟಿದ್ದ, ಎಂದೋ ಬಿಸಾಕಿದ ಹಳೇ ಸಿಮ್‌ಗೆ! ಮೊದಲು ಆಧಾರ್ ಸೆಂಟರ್‌ಗೆ ಹೋಗಿ ಮೊಬೈಲ್ ನಂಬರ್ ಸರಿ ಮಾಡಿಸಿ. ಪಿನ್, ಓಟಿಪಿ ಮಾತ್ರ ಸೈಬರ್ ಅಂಗಡಿಯವರಿಗೂ ಹೇಳಬೇಡಿ, ದಯವಿಟ್ಟು. ಚಾರ್ಜ್ ಖಾಲಿಯಾದರೆ ಏನೂ ತೋರಿಸೋಕಾಗಲ್ಲ ಅಲ್ವಾ, ಅದಕ್ಕೇ ನಮ್ಮಪ್ಪ ಕಾರ್ಡನ್ನೂ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಜೇಬಲ್ಲೇ ಇಟ್ಟುಕೊಂಡಿರುತ್ತಾರೆ.